ಚಪ್ಪಟೆ ಹುಳುವಿಗೆ ನೀಲಿ ಬಣ್ಣ

ಹುಳುವನ್ನು ಕೊಯ್ದರೆ ಸಾಯಬೇಕು, ಅದು ಲೋಕದ ರೂಢಿ. ಆದರೆ ಒಂದು ಹುಳುವಿದೆ, ಎರಡು ತುಂಡು ಮಾಡಿದರೆ ಎರಡು ಹುಳುವಾಗುತ್ತದೆ. ತಲೆಯ ತುಂಡಿಗೆ ಬಾಲ ಬರುತ್ತದೆ, ಬಾಲದ ತುಂಡಿಗೆ ತಲೆ ಬರುತ್ತದೆ, ಕಣ್ಣು ಸಮೇತ, ಮಿದುಳು ಸಮೇತ. ಪೀಟರ್ ಸೈಮನ್ ಪಲ್ಲಾಸ್ ಎಂಬ ಜರ್ಮನ್ ಪಂಡಿತ 1766ರಲ್ಲೇ ಇದನ್ನು ಬರೆದಿಟ್ಟ. ಆಗ ನಮ್ಮ ಬಾರಾಮಹಲ್ ಸೀಮೆ ಹೈದರಾಲಿಯ ಕೈಯಲ್ಲಿತ್ತು. ಮಾರನೇ ವರ್ಷವೇ ಇಂಗ್ಲಿಷರಿಗೂ ಅವನಿಗೂ ಮೊದಲನೇ ಯುದ್ಧ ಶುರುವಾಯಿತು. ಇಲ್ಲಿ ತಲೆ ಹೋದವರಿಗೆ ತಲೆ ಬರಲಿಲ್ಲ ಬಿಡಿ.

ಪಲ್ಲಾಸ್ ಆದ ಮೇಲೆ ಸ್ಕಾಟ್ಲೆಂಡಿನ ಡಾಲಿಯೆಲ್ ಎಂಬಾತ 1814ರಲ್ಲಿ ಈ ಹುಳುವಿಗೆ ಕತ್ತಿಯ ಬಾಯಲ್ಲೂ ಸಾವಿಲ್ಲ ಎಂಬರ್ಥದ ಮಾತು ಬರೆದ. 1898ರಲ್ಲಿ ಅಮೆರಿಕದ ಥಾಮಸ್ ಹಂಟ್ ಮಾರ್ಗನ್ ಲೆಕ್ಕ ಹಾಕಿಕೊಂಡು ಕೊಯ್ಯುತ್ತಾ ಹೋದ. ಎಷ್ಟು ಸಣ್ಣ ತುಂಡಾದರೂ ಹುಳುವಾಗುತ್ತದೆಯೇ ಎಂಬುದು ಅವನ ಪ್ರಶ್ನೆ. ಇಡೀ ಹುಳುವಿನ 279ನೇ ಒಂದು ಪಾಲಿನಷ್ಟು ತುಂಡೂ ಮತ್ತೆ ಹುಳುವಾಯಿತು ಅಂತ ಅವನ ಲೆಕ್ಕ. ಮಾರ್ಗನ್ ಆಮೇಲೆ ಈ ಹುಳುವನ್ನು ಬಿಟ್ಟು ಹಣ್ಣಿನ ನೊಣದ ಕಡೆ ಹೋದ. ಜೀನುಗಳು ಕ್ರೋಮೋಸೋಮಿನ ಮೇಲೆ ಕೂತಿವೆ ಎಂದು ತೋರಿಸಿ 1933ರಲ್ಲಿ ನೊಬೆಲ್ ಬಹುಮಾನ ತಗೊಂಡ. ನೊಣ ಬಿಡಿಸಿದ ಗಂಟು ಒಂದು, ಹುಳು ಹಾಕಿದ ಗಂಟು ಇನ್ನೊಂದು. ಹುಳುವಿನ ಗಂಟು ಏನೆಂದರೆ, ಕೊಯ್ದ ಗಾಯಕ್ಕೆ ತನಗೆ ಯಾವುದು ಕಮ್ಮಿಯಾಗಿದೆ ಎಂದು ಹೇಗೆ ಗೊತ್ತಾಗುತ್ತದೆ? ಒಂದೇ ಕತ್ತಿಯ ಏಟು, ಅದರ ಒಂದು ಮಗ್ಗುಲಲ್ಲಿ ತಲೆ ಹುಟ್ಟಬೇಕು, ಇನ್ನೊಂದು ಮಗ್ಗುಲಲ್ಲಿ ಬಾಲ ಹುಟ್ಟಬೇಕು. ಯಾವತ್ತೂ ತಪ್ಪುವುದಿಲ್ಲ.

ಈ ಪ್ರಶ್ನೆಗೆ ಉತ್ತರ ಸಿಗಲು ನೂರು ವರ್ಷಕ್ಕಿಂತ ಹೆಚ್ಚೇ ಹಿಡಿಯಿತು. ಬುದ್ಧಿ ಸಾಲದೆ ಹೋದದ್ದಲ್ಲ, ನೋಡುವ ಉಪಾಯವೇ ಇರಲಿಲ್ಲ. ಆ ನೋಡುವ ಉಪಾಯದ ಚರಿತ್ರೆಯನ್ನು ಹೇಳುವುದೇ ಈ ಬರಹದ ಕೆಲಸ. ನಮ್ಮ ಕಡೆಯ ಓದುಗರಿಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ ಎಂದು ನನ್ನ ನಂಬಿಕೆ. ಯಾಕೆಂದರೆ ಅದರ ಬೇರು ಇರುವುದು ಬಣ್ಣದ ಕೆಲಸದಲ್ಲಿ. ಸೇಲಂ, ಧರ್ಮಪುರಿ ಕಡೆ ಕನ್ನಡ ಮಾತಾಡುವ ದೇವಾಂಗರ ಮನೆಗಳಲ್ಲಿ ನೂಲಿಗೆ ಬಣ್ಣ ಹಿಡಿಯುವುದು, ಹಿಡಿಯದಿರುವುದು ಏನೆಂದು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಮೊದಲು ಹುಳುವಿನ ಪರಿಚಯ. ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದಲ್ಲಿ ಪ್ಲನೇರಿಯಾ ಅಂತ ಒಂದು ಚಿತ್ರವಿದೆ. ಮೂರು ತುಂಡು, ಮೂರು ಹುಳು, ಪಕ್ಕದಲ್ಲಿ ನಾಲ್ಕು ಸಾಲು ವಿವರಣೆ. ಮಕ್ಕಳು ಅದನ್ನು ಬರೆದು ಅಂಕ ತಗೋತಾರೆ, ಅಲ್ಲಿಗೆ ಮುಗೀತು. ನಿಜದ ಹುಳು ಸಿಹಿನೀರಿನಲ್ಲಿ ಕಲ್ಲಿನ ಅಡಿಯಲ್ಲಿ ಇರುವಂಥದ್ದು, ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಉದ್ದ, ಕಂದುಬಣ್ಣ, ಎಲೆಯ ಹಾಗೆ ಚಪ್ಪಟೆ. ತಲೆಯ ಮೇಲೆ ಎರಡು ಮೆಳ್ಳಗಣ್ಣು. ಬಾಯಿ ತಲೆಯಲ್ಲಿಲ್ಲ, ಹೊಟ್ಟೆಯ ನಡುವೆ ಇದೆ. ತಿನ್ನುವುದೂ ಹೊರಹಾಕುವುದೂ ಅದರಲ್ಲೇ. ಊಟ ಹಾಕದಿದ್ದರೆ ಸಾಯುವುದಿಲ್ಲ, ಕುಗ್ಗಿ ಕುಗ್ಗಿ ಸಣ್ಣದಾಗುತ್ತದೆ. ಊಟ ಕೊಟ್ಟರೆ ಮತ್ತೆ ಬೆಳೆಯುತ್ತದೆ. ಇದರ ನೆಂಟರಿಷ್ಟರು ನಮಗೆ ಹೊಸಬರೇನಲ್ಲ. ಕುರಿ ಕೊಯ್ದಾಗ ಲಿವರಿನಲ್ಲಿ ಎಲೆಯಾಕಾರದ ಹುಳು ಸಿಗುತ್ತದಲ್ಲ, ಅದು ಇದೇ ಕುಲ. ಮನುಷ್ಯರ ಕರುಳಿನ ಲಾಡಿಹುಳುವೂ ಇದೇ ಕುಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಈ ಹುಳುವಿನ ಮೈಯಲ್ಲಿ ತುಂಬಾ ಕಡೆ ಚೆಲ್ಲಿದಂತೆ ಸಣ್ಣ ಸಣ್ಣ ಜೀವಕೋಶಗಳಿವೆ. ನಿಯೋಬ್ಲಾಸ್ಟ್ ಅಂತ ಅವುಗಳ ಹೆಸರು. ಅವು ಇನ್ನೂ ಯಾವ ಕೆಲಸಕ್ಕೂ ಗೊತ್ತಾಗದ ಕೋಶಗಳು. ನರವೂ ಆಗಬಹುದು, ಚರ್ಮವೂ ಆಗಬಹುದು, ಕಣ್ಣೂ ಆಗಬಹುದು. ಎಕ್ಸ್-ರೇ ಹೊಡೆದರೆ ಹುಳುವಿಗೆ ಮತ್ತೆ ಬೆಳೆಯುವ ಶಕ್ತಿ ಹೋಗುತ್ತದೆ ಎಂದು 1904ರಲ್ಲೇ ಬಾರ್ಡೀನ್ ಮತ್ತು ಬೇಟ್ಜರ್ ಎಂಬ ಇಬ್ಬರು ಕಂಡಿದ್ದರು. ಯಾಕೆ ಹೋಗುತ್ತದೆ ಎಂದರೆ ಈ ಕೋಶಗಳು ಸಾಯುತ್ತವೆ, ಅದಕ್ಕೆ. 2011ರಲ್ಲಿ ಅಮೆರಿಕದ ಪೀಟರ್ ರೆಡ್ಡಿಯನ್ ಅವರ ಗುಂಪು ಹೀಗೆ ಎಕ್ಸ್-ರೇಯಲ್ಲಿ ಸಾಯುವುದಕ್ಕೆ ಬಿದ್ದಿದ್ದ ಹುಳುವಿಗೆ ಬೇರೆ ಹುಳುವಿನ ಒಂದೇ ಒಂದು ಕೋಶವನ್ನು ಕೊಟ್ಟು ಬದುಕಿಸಿತು. ಒಂದು ಕೋಶ ಮಾತ್ರ! ಅದರಿಂದಲೇ ಇಡೀ ಮೈ ಹೊಸದಾಯಿತು.

ಹಾಗಾದರೆ ಸಾಮಾನು ಸಿಕ್ಕಿತು. ಇನ್ನು ಮೇಸ್ತ್ರಿ ಯಾರು? ಇಲ್ಲಿ ತಲೆ ಕಟ್ಟು, ಅಲ್ಲಿ ಬಾಲ ಕಟ್ಟು ಅಂತ ಹೇಳುವವರು ಯಾರು?

ಇದನ್ನು ತಿಳಿಯಲು ಜೀನ್ ಎಂದರೇನು ಎಂದು ಸ್ವಲ್ಪ ನೋಡಬೇಕು. ನಮ್ಮ ಊರಿನ ಜಮೀನಿನ ಕಡತವನ್ನು ನೆನೆಸಿಕೊಳ್ಳಿ. ಮೂಲ ಕಡತ ತಾಲೂಕು ಆಫೀಸಿನಲ್ಲೇ ಇರುತ್ತದೆ, ಅದು ಯಾವತ್ತೂ ಬಾಗಿಲು ದಾಟುವುದಿಲ್ಲ. ಬ್ಯಾಂಕಿಗೆ ಬೇಕೆಂದರೆ ಚಿಟ್ಟಾ, ಅಡಂಗಲಿನ ನಕಲು ತಗೊಂಡು ಹೋಗುತ್ತೇವೆ. ಕೆಲಸ ನಡೆಯುವುದು ನಕಲಿನಿಂದ. ಜೀವಕೋಶದಲ್ಲೂ ಹೀಗೇ. ಡಿಎನ್‌ಎ ಮೂಲ ಕಡತ. ಆರ್‌ಎನ್‌ಎ ಅದರ ನಕಲು. ವಿಚಿತ್ರ ಏನೆಂದರೆ ಮೈಯ ಹೆಚ್ಚುಕಮ್ಮಿ ಎಲ್ಲಾ ಕೋಶದಲ್ಲೂ ಇಡೀ ಕಡತವೇ ಇದೆ. ಕಣ್ಣಿನ ಕೋಶದಲ್ಲಿ ಕರುಳಿನ ಪುಟವೂ ಇದೆ, ಕರುಳಿನ ಕೋಶದಲ್ಲಿ ಕಣ್ಣಿನ ಪುಟವೂ ಇದೆ. ಯಾವ ಕೋಶ ಯಾವ ಪುಟಕ್ಕೆ ನಕಲು ತೆಗೆಸಿಕೊಂಡಿದೆ ಎಂಬುದರ ಮೇಲೆ ಅದು ಕಣ್ಣೋ ಕರುಳೋ ಅಂತ ತೀರ್ಮಾನ. ಒಂದು ಪುಟಕ್ಕೆ ನಕಲು ತೆಗೆಯುವುದನ್ನೇ ಆ ಜೀನಿನ ಅಭಿವ್ಯಕ್ತಿ ಅನ್ನುತ್ತಾರೆ. ದೊಡ್ಡ ಮಾತು, ವಿಷಯ ಸಣ್ಣದು.

ಈಗ ಪ್ರಶ್ನೆ ಹೀಗೆ ತಿರುಗಿತು: ಕೊಯ್ದ ಗಾಯದ ಹತ್ತಿರ ಯಾವ ಕೋಶ, ಯಾವ ಹೊತ್ತಿನಲ್ಲಿ, ಯಾವ ಪುಟದ ನಕಲು ತೆಗೆಯುತ್ತಿದೆ? ಹುಳುವನ್ನು ಅರೆದು ರಸ ಮಾಡಿ ಪರೀಕ್ಷೆ ಮಾಡಿದರೆ ನಕಲು ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಆದರೆ ಮೈಯಲ್ಲಿ ಎಲ್ಲಿತ್ತು ಎಂಬುದು ಅರೆಯುವ ಕಲ್ಲಿನಲ್ಲೇ ಕಳೆದುಹೋಗುತ್ತದೆ. ಅದು ಇದ್ದ ಜಾಗದಲ್ಲೇ ನೋಡಬೇಕು.

1969ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೋಸೆಫ್ ಗಾಲ್ ಮತ್ತು ಅವರ ವಿದ್ಯಾರ್ಥಿನಿ ಮೇರಿ ಲೂ ಪಾರ್ಡ್ಯೂ ಒಂದು ದಾರಿ ಕಂಡರು. ಅದೇ ವರ್ಷ ಬ್ರಿಟನ್ನಿನಲ್ಲೂ ಬೇರೆ ಮೂವರು ಇದೇ ದಾರಿಗೆ ಬಂದಿದ್ದರು. ಅಚ್ಚುಬೆಲ್ಲದ ಅಚ್ಚನ್ನು ನೋಡಿದ್ದೀರಿ. ಅಚ್ಚಿನಲ್ಲಿ ಎಲ್ಲಿ ತಗ್ಗೋ ಬೆಲ್ಲದಲ್ಲಿ ಅಲ್ಲಿ ಉಬ್ಬು. ಡಿಎನ್‌ಎ, ಆರ್‌ಎನ್‌ಎ ಎಳೆಗಳು ಹಾಗೆ ಜೋಡಿ. ಒಂದು ಎಳೆಯ ಅಕ್ಷರಗಳಿಗೆ ಎದುರಾಗಿ ಸರಿಹೊಂದುವ ಅಕ್ಷರಗಳ ಇನ್ನೊಂದು ಎಳೆಯನ್ನು ನಾವೇ ತಯಾರು ಮಾಡಿದರೆ, ಅದು ಇಡೀ ಕೋಶವನ್ನೆಲ್ಲಾ ತಡಕಾಡಿ ತನ್ನ ಜೋಡಿಯನ್ನೇ ಹುಡುಕಿ ಅಂಟಿಕೊಳ್ಳುತ್ತದೆ. ಇಂಥ ಹುಡುಕುವ ಎಳೆಗೆ ಪ್ರೋಬ್ ಎಂದು ಹೆಸರು. ಗಾಲ್, ಪಾರ್ಡ್ಯೂ ಅವರು ಪ್ರೋಬಿಗೆ ವಿಕಿರಣ ಸೂಸುವ ಹೈಡ್ರೋಜನ್ ಹಾಕಿ, ಕಪ್ಪೆಯ ಮೊಟ್ಟೆಯಾಗುವ ಕೋಶಗಳ ಮೇಲೆ ಬಿಟ್ಟು, ಮೇಲೆ ಫೋಟೋ ಫಿಲ್ಮಿನ ಲೇಪ ಹಚ್ಚಿ ಕತ್ತಲಲ್ಲಿಟ್ಟರು. ಪ್ರೋಬ್ ಅಂಟಿದ ಕಡೆ ಕಪ್ಪು ಚುಕ್ಕೆ ಬಂತು. ಇದಕ್ಕೆ ಇನ್ ಸಿಟು ಹೈಬ್ರಿಡೈಸೇಶನ್ ಎಂದು ಹೆಸರಾಯಿತು. ಇನ್ ಸಿಟು ಎಂದರೆ ಲ್ಯಾಟಿನ್ನಿನಲ್ಲಿ ಇದ್ದ ಜಾಗದಲ್ಲೇ ಎಂದರ್ಥ. ಹೆಸರಿಗೆ ಹೆದರುವುದು ಬೇಡ.

ಆದರೆ ವಿಕಿರಣದ ಕೆಲಸ ಅಪಾಯ, ಚುಕ್ಕೆ ಮೂಡಲು ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ಕಾಯಬೇಕು, ಅದೂ ಕೋಶಗಳನ್ನು ತೆಳ್ಳಗೆ ಸೀಳಿ ಗಾಜಿನ ಮೇಲೆ ಇಟ್ಟರೆ ಮಾತ್ರ. ಇಪ್ಪತ್ತು ವರ್ಷ ಹೀಗೇ ನಡೆಯಿತು. 1989ರಲ್ಲಿ ಜರ್ಮನಿಯಲ್ಲಿ ಡೀಟ್‌ಹಾರ್ಡ್ ಟೌಟ್ಸ್ ಮತ್ತು ಕ್ರಿಸ್ಟೀನ್ ಫೈಫ್ಲೆ ಅವರು ವಿಕಿರಣವನ್ನೇ ಬಿಟ್ಟು, ನೊಣದ ಭ್ರೂಣವನ್ನು ಸೀಳದೆ ಇಡಿಯಾಗಿ ಬಣ್ಣ ಹಾಕಿ ತೋರಿಸಿದರು. ಅವರ ಉಪಾಯ ನನಗೆ ಈ ಇಡೀ ಚರಿತ್ರೆಯಲ್ಲೇ ಬಹಳ ಇಷ್ಟ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೃದಯದ ಕಾಯಿಲೆ ಇರುವವರ ಮನೆಯಲ್ಲಿ ಡಿಜಾಕ್ಸಿನ್ ಎಂಬ ಮಾತ್ರೆ ಕಂಡಿರಬಹುದು. ಅದು ಡಿಜಿಟಾಲಿಸ್ ಎಂಬ ಗಿಡದ ಮದ್ದು. ಆ ಗಿಡದ ಎಲೆಯಿಂದ ಮೈ ಊದಿದವರಿಗೆ ಗುಣವಾಗುತ್ತದೆ ಎಂದು ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಎಂಬ ವೈದ್ಯ 1785ರಲ್ಲಿ ಪುಸ್ತಕ ಬರೆದಿದ್ದ. ಡಿಜಾಕ್ಸಿನ್ನಿನಿಂದ ಸಕ್ಕರೆಯ ಭಾಗವನ್ನು ತೆಗೆದರೆ ಉಳಿಯುವುದು ಡಿಜಾಕ್ಸಿಜೆನಿನ್. ಇದು ಆ ಗಿಡಗಳಲ್ಲಿ ಬಿಟ್ಟರೆ ಪ್ರಾಣಿಗಳ ಮೈಯಲ್ಲಿ ಇರುವಂಥದ್ದಲ್ಲ. ಪ್ರೋಬಿನ ಎಳೆಗೆ ಇದನ್ನು ಗುರುತಾಗಿ ಕಟ್ಟಿದರು. ಆಮೇಲೆ ಆ ಗುರುತನ್ನೇ ಹಿಡಿಯುವ ಪ್ರತಿಕಾಯ ಬೇಕಲ್ಲ, ಅದನ್ನು ಕುರಿಯ ರಕ್ತದಿಂದ ತೆಗೆದರು. ಪ್ರತಿಕಾಯದ ಬೆನ್ನಿಗೆ ಒಂದು ಕಿಣ್ವ ಕಟ್ಟಿದರು. ಅದು ಕರುವಿನ ಕರುಳಿನಿಂದ ಬಂದದ್ದು. ಆ ಕಿಣ್ವಕ್ಕೆ ಕೊನೆಯಲ್ಲಿ ಬಣ್ಣದ ಸಾಮಾನು ಕೊಟ್ಟರು. ಆ ಬಣ್ಣ ನೀಲಿ. ನಮ್ಮ ಅವುರಿ ಗಿಡದ ನೀಲಿಯ ಸ್ವಂತ ತಮ್ಮ.

ನೀಲಿ ಹಾಕುವವರಿಗೆ ಅದರ ಗುಟ್ಟು ಗೊತ್ತು. ತೊಟ್ಟಿಯಲ್ಲಿ ಇರುವಾಗ ನೀಲಿ ನೀಲಿಯಾಗಿರುವುದಿಲ್ಲ. ಹುಳಿ ಬಂದ ತೊಟ್ಟಿಯಲ್ಲಿ ಅದು ಕರಗಿ ಹಳದಿ ಹಸಿರಾಗಿ ಇರುತ್ತದೆ, ನೂಲಿನ ಒಳಗೆಲ್ಲಾ ಇಳಿಯುತ್ತದೆ. ಮೇಲೆ ಎತ್ತಿ ಗಾಳಿಗೆ ಹಿಡಿದಾಗ ಕಣ್ಣೆದುರೇ ನೀಲಿಯಾಗಿ, ಇನ್ನು ನೀರಿನಲ್ಲಿ ಕರಗದ ಹಾಗೆ ಕೂತುಬಿಡುತ್ತದೆ. ಪ್ರಯೋಗಶಾಲೆಯ ಬಣ್ಣದಲ್ಲೂ ಇದೇ ನಡೆಯುವುದು. ಅಲ್ಲಿ ನೀಲಿಯ ಅರ್ಧ ಅಣುವಿಗೆ ಒಂದು ಬೀಗ ಹಾಕಿ ನೀರಿನಲ್ಲಿ ಕರಗಿಸಿಟ್ಟಿರುತ್ತಾರೆ. ಕರುವಿನ ಕಿಣ್ವ ಇರುವ ಕಡೆ ಮಾತ್ರ ಬೀಗ ಕಳಚುತ್ತದೆ, ಎರಡು ಅರ್ಧ ಸೇರಿ ಒಂದು ನೀಲಿಯಾಗಿ ಅಲ್ಲೇ ಕೂರುತ್ತದೆ. ಜೊತೆಗೆ ಹಾಕುವ ಇನ್ನೊಂದು ಸಾಮಾನು ನೇರಳೆಯಾಗುತ್ತದೆ. ಎರಡೂ ಸೇರಿ ಕಡುನೀಲಿ. ಎಲ್ಲಿ ನಕಲು ಇತ್ತೋ ಅಲ್ಲಿ ಬಣ್ಣ, ಉಳಿದ ಮೈ ಬಿಳಿ.

ಇಲ್ಲಿ ಒಂದು ತಾರೀಕು ನೆನಪಿಡುವಂಥದ್ದು. ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕಾರ್ಖಾನೆಯಲ್ಲಿ ಮಾಡಿದ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟದ್ದು 1897ರಲ್ಲಿ, ಮಾರ್ಗನ್ ಹುಳುವನ್ನು 279 ಪಾಲು ಲೆಕ್ಕ ಹಾಕಿದ್ದರ ಹಿಂದಿನ ವರ್ಷ. ಆ ನೀಲಿಯ ರಚನೆಯನ್ನು ಬಿಡಿಸಿದ್ದ ಅಡಾಲ್ಫ್ ಫಾನ್ ಬೇಯರ್‌ಗೆ 1905ರಲ್ಲಿ ನೊಬೆಲ್ ಬಂತು. ನಮ್ಮ ದೇಶದಲ್ಲಿ ಬಂದದ್ದು ಬೇರೆ. ಬಿಹಾರ ಬಂಗಾಳವಿರಲಿ, ಮದ್ರಾಸ್ ಪ್ರಾಂತ್ಯದಲ್ಲೇ ಕಡಪ, ನೆಲ್ಲೂರು, ದಕ್ಷಿಣ ಆರ್ಕಾಟ್ ಕಡೆ ನೀಲಿ ಬೆಳೆದು ಬದುಕುತ್ತಿದ್ದವರ ಬೆಳೆ ಕೆಲವೇ ವರ್ಷಗಳಲ್ಲಿ ಬಿದ್ದುಹೋಯಿತು. ಈಗಲೂ ತಿಂಡಿವನಂ ಸುತ್ತಮುತ್ತ ಸ್ವಲ್ಪ ಉಳಿದುಕೊಂಡಿದೆ. ರೈತನ ಹೊಲದಿಂದ ಕಾರ್ಖಾನೆಗೆ ಹೋದ ಬಣ್ಣ ಕಾರ್ಖಾನೆಯಿಂದ ಪ್ರಯೋಗಶಾಲೆಗೆ ಬಂದು, ಜೀನನ್ನು ತೋರಿಸುವ ಕೆಲಸಕ್ಕೆ ನಿಂತಿತು. ಒಬ್ಬರ ಲಾಭ, ಇನ್ನೊಬ್ಬರ ನಷ್ಟ, ಎರಡನ್ನೂ ಬರೆದಿಟ್ಟರೆ ಮಾತ್ರ ಚರಿತ್ರೆ.

ನೊಣದ ಭ್ರೂಣಕ್ಕೆ ಹಿಡಿದ ಬಣ್ಣ ಚಪ್ಪಟೆ ಹುಳುವಿಗೆ ಸುಲಭವಾಗಿ ಹಿಡಿಯಲಿಲ್ಲ. ಜಪಾನಿನ ಕಿಯೋಕಜು ಅಗಾಟ ಅವರ ಗುಂಪು 1997ರಲ್ಲಿ ಅಲ್ಲಿನ ಹುಳುವಿಗೆ ಇಡಿಯಾಗಿ ಬಣ್ಣ ಹಾಕುವ ಪದ್ಧತಿಯನ್ನು ಪ್ರಕಟಿಸಿತು. ತೊಂದರೆಗಳು ಒಂದಾದ ಮೇಲೆ ಒಂದು. ಹುಳುವಿನ ಮೈತುಂಬಾ ಲೋಳೆ. ಲೋಳೆ ಇದ್ದರೆ ಯಾವ ದ್ರವವೂ ಒಳಗೆ ಇಳಿಯುವುದಿಲ್ಲ. ಅಗಾಟ ಅವರ ಪದ್ಧತಿಯಲ್ಲಿ ಹುಳುವನ್ನು ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲಿ ಅದ್ದುತ್ತಿದ್ದರು. ಅಮೆರಿಕದ ಯೂಟಾದಲ್ಲಿ ಅಲೆಹಾಂಡ್ರೋ ಸಾಂಚೆಸ್ ಅಲ್ವರಾಡೋ ಅವರ ಗುಂಪು 2009ರಲ್ಲಿ ಇದಕ್ಕೆ ಒಂದು ಸಾದಾ ಮದ್ದು ಹಿಡಿಯಿತು. ಕಫ ಗಟ್ಟಿಯಾದವರಿಗೆ ಅದನ್ನು ತೆಳು ಮಾಡಲು ಡಾಕ್ಟರು ಬರೆದುಕೊಡುವ ಅಸಿಟೈಲ್ ಸಿಸ್ಟೀನ್ ಎಂಬ ಔಷಧಿ ಇದೆ. ಅದರಲ್ಲಿ ಐದು ನಿಮಿಷ ಇಟ್ಟರೆ ಲೋಳೆ ಬಿಟ್ಟುಹೋಯಿತು. ಮನುಷ್ಯರ ಕಫಕ್ಕೂ ಹುಳುವಿನ ಲೋಳೆಗೂ ಒಂದೇ ಔಷಧಿ!

ಆಮೇಲೆ ಫಾರ್ಮಾಲಿನ್, ನಮ್ಮ ಶಾಲೆಗಳಲ್ಲಿ ಹಾವು ಚೇಳು ಹಾಕಿಡುವ ಅದೇ ದ್ರವ, ತೆಳ್ಳಗೆ ಮಾಡಿ. ಇದು ಕೋಶಗಳನ್ನೂ ಒಳಗಿನ ನಕಲನ್ನೂ ಇದ್ದಲ್ಲೇ ಕಟ್ಟಿಹಾಕುತ್ತದೆ. ಜಾಸ್ತಿ ಹೊತ್ತು ಇಟ್ಟರೆ ಮೈ ಬಿಗಿದು ಪ್ರೋಬ್ ಒಳಗೆ ಹೋಗುವುದಿಲ್ಲ, ಕಮ್ಮಿ ಇಟ್ಟರೆ ನಕಲು ತೊಳೆದುಹೋಗುತ್ತದೆ. ಆಮೇಲೆ ಹುಳುವಿನ ಕಂದುಬಣ್ಣ ತೆಗೆಯಬೇಕು, ಕಂದು ಬಟ್ಟೆಯ ಮೇಲೆ ನೀಲಿ ಹಾಕಿದರೆ ಏನು ಕಾಣುತ್ತದೆ? ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ದೀಪದ ಕೆಳಗೆ ರಾತ್ರಿಯೆಲ್ಲಾ ಇಟ್ಟು ಬೆಳ್ಳಗೆ ಮಾಡುತ್ತಿದ್ದರು. 2013ರಲ್ಲಿ ಇಲಿನಾಯ್‌ನ ರಯಾನ್ ಕಿಂಗ್ ಮತ್ತು ಫಿಲಿಪ್ ನ್ಯೂಮಾರ್ಕ್ ಆ ದ್ರವಕ್ಕೆ ಫಾರ್ಮಮೈಡ್ ಸೇರಿಸಿದರೆ ಒಂದೆರಡು ಗಂಟೆ ಸಾಕು, ಬಣ್ಣವೂ ಹೆಚ್ಚು ಕಾಣುತ್ತದೆ ಎಂದು ತೋರಿಸಿದರು. ಪ್ರೋಬ್ ಬಿಟ್ಟು 56 ಡಿಗ್ರಿ ಬಿಸಿಯಲ್ಲಿ ರಾತ್ರಿ ಪೂರ್ತಿ ಇಡುತ್ತಾರೆ. ಬಿಸಿ ಕಮ್ಮಿಯಾದರೆ ಪ್ರೋಬ್ ಸಿಕ್ಕಿದ ಕಡೆಗೆಲ್ಲಾ ಅಂಟುತ್ತದೆ, ಹೆಚ್ಚಾದರೆ ಎಲ್ಲೂ ಅಂಟುವುದಿಲ್ಲ. ಬೆಳಿಗ್ಗೆಯೆಲ್ಲಾ ತೊಳೆಯುವುದೇ ಕೆಲಸ. ಪ್ರತಿಕಾಯ ಬೇಡದ ಜಾಗಕ್ಕೆ ಅಂಟದಿರಲಿ ಅಂತ ಮುಂಚೆಯೇ ಕುದುರೆಯ ಸೀರಂ, ಹಾಲಿನ ಕೇಸೀನ್ ಹಚ್ಚಿ ಆ ಜಾಗಗಳನ್ನು ಮುಚ್ಚುತ್ತಾರೆ. ಬೆಳಕು ಸೂಸುವ ಬಣ್ಣ ಬಳಸುವುದಾದರೆ ಹುಳುವಿನ ಮೈಯೇ ಸುಮ್ಮನೆ ಮಿನುಗಿ ಕಣ್ಣು ಕೆಡಿಸುತ್ತದೆ. ಅದನ್ನು ತಗ್ಗಿಸಲು ಕಿಂಗ್, ನ್ಯೂಮಾರ್ಕ್ ಬಳಸಿದ್ದು ಮೈಲುತುತ್ತ. ಹೌದು, ತೋಟಕ್ಕೆ ಸುಣ್ಣದ ಜೊತೆ ಸೇರಿಸಿ ಹೊಡೆಯುತ್ತೇವಲ್ಲ, ಅದೇ.

ಕುರಿ, ಕರು, ಕುದುರೆ, ಹಾಲು, ಕಫದ ಔಷಧಿ, ಹೃದಯದ ಮಾತ್ರೆ, ತುತ್ತ, ನೀಲಿ. ವಿಜ್ಞಾನ ಎಂದರೆ ಎಲ್ಲೋ ಆಕಾಶದಿಂದ ಇಳಿದ ಸಾಮಾನು ಎಂದುಕೊಂಡಿರುವ ಮಕ್ಕಳಿಗೆ ಈ ಪಟ್ಟಿಯನ್ನು ಒಂದು ಸಲ ಓದಿ ಹೇಳಿ ಅಂತ ನಮ್ಮ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ. ಕೊನೆಯ ಹೆಜ್ಜೆಯಂತೂ ಪೂರಾ ಬಣ್ಣಗಾರನ ಕೆಲಸ. ಬಣ್ಣ ಏಳುವಾಗ ಮೈಕ್ರೋಸ್ಕೋಪಿನಲ್ಲಿ ಆಗಾಗ ನೋಡುತ್ತಾ ಕೂರಬೇಕು. ಬೇಗ ನಿಲ್ಲಿಸಿದರೆ ಮಸುಕು, ತಡ ಮಾಡಿದರೆ ಇಡೀ ಹುಳು ನೇರಳೆ. ಯಾವ ನಿಮಿಷಕ್ಕೆ ನಿಲ್ಲಿಸಬೇಕು ಎಂದು ಯಾವ ಪುಸ್ತಕವೂ ಹೇಳುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಇನ್ನೊಂದು ಬಟ್ಟಲಲ್ಲಿ ಸುಳ್ಳು ಪ್ರೋಬ್ ಹಾಕಿದ ಹುಳುಗಳನ್ನೂ ಇಟ್ಟಿರುತ್ತಾರೆ. ಅಚ್ಚನ್ನು ತಿರುವಿ ಮಾಡಿದ ಪ್ರೋಬ್ ಅದು, ಯಾವುದಕ್ಕೂ ಜೋಡಿಯಾಗುವಂಥದ್ದಲ್ಲ. ಅದರಲ್ಲೂ ನೀಲಿ ಬಂದರೆ ಇದರಲ್ಲಿ ಬಂದ ನೀಲಿಯನ್ನು ನಂಬುವ ಹಾಗಿಲ್ಲ. ನಮ್ಮ ಊರಿನಲ್ಲಿ ಮದ್ದು ಮಾಟ ಮಾಡಿ ಗುಣವಾಯಿತು ಎನ್ನುವವರು ಮದ್ದು ಕೊಡದವರನ್ನೂ ಪಕ್ಕದಲ್ಲಿಟ್ಟು ನೋಡಿದ್ದಾರೆಯೇ?

ಹುಳುವಿನ ಊರಿನ ಕಥೆಯೂ ಸ್ವಾರಸ್ಯವಾಗಿದೆ. ಈಗ ಲೋಕದ ಹಲವು ಪ್ರಯೋಗಶಾಲೆಗಳಲ್ಲಿ ಸಾಕುವ ಸ್ಮಿಡ್ಟಿಯಾ ಮೆಡಿಟರೇನಿಯಾ ಎಂಬ ಜಾತಿಯ ಒಂದು ವಂಶವನ್ನು ನ್ಯೂಮಾರ್ಕ್ ಮತ್ತು ಸಾಂಚೆಸ್ ಅಲ್ವರಾಡೋ 1998ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ, ಮೊಂಜುಯಿಕ್ ಬೆಟ್ಟದ ಒಂದು ಪಾಳುಬಿದ್ದ ಕಾರಂಜಿಯಿಂದ ಹಿಡಿದು ತಂದರು. ಗಂಡು ಹೆಣ್ಣಿಲ್ಲದೆ ತನ್ನ ಬಾಲವನ್ನು ತಾನೇ ಹರಿದುಕೊಂಡು ಹೆಚ್ಚುವ ಹುಳು ಅದು. ಮುಂದಿನ ವರ್ಷ, 1999ರಲ್ಲಿ, ಅವರಿಬ್ಬರೂ ಇನ್ನೊಂದು ಕೀಲಿ ಕಂಡರು. ಒಂದು ಜೀನಿನ ಜೋಡಿ ಎಳೆಯ ಆರ್‌ಎನ್‌ಎಯನ್ನು ಹುಳುವಿಗೆ ಕೊಟ್ಟರೆ ಆ ಜೀನಿನ ನಕಲುಗಳೆಲ್ಲಾ ನಾಶವಾಗುತ್ತವೆ, ಅಂದರೆ ಕಡತದ ಆ ಪುಟ ಇದ್ದೂ ಇಲ್ಲದಂತೆ. ಬಣ್ಣ ಹಾಕಿ ನೋಡುವುದು ಒಂದು ಕೈ, ಪುಟ ಮುಚ್ಚಿ ನೋಡುವುದು ಇನ್ನೊಂದು ಕೈ. ಎರಡೂ ಸೇರಿದಾಗ ಚಪ್ಪಾಳೆ ಬಂತು.

2008ರಲ್ಲಿ ಮೂರು ಗುಂಪುಗಳು ಬೀಟಾ-ಕೆಟೆನಿನ್ ಎಂಬ ಜೀನನ್ನು ಹೀಗೆ ಮುಚ್ಚಿದವು. ಕೊಯ್ದ ಹುಳುವಿನ ಬಾಲ ಬರಬೇಕಾದ ಕಡೆಯಲ್ಲೂ ತಲೆಯೇ ಬಂತು. ಎರಡು ತಲೆ, ನಾಲ್ಕು ಕಣ್ಣು. ಕೊಯ್ಯದೆ ಸುಮ್ಮನೆ ಬಿಟ್ಟ ಹುಳುವಿಗೂ ಮೈಯ ಅಂಚಿನಲ್ಲೆಲ್ಲಾ ತಲೆಗಳು ಏಳುತ್ತಾ ಹೋದವು. ಮೇಲಿನಿಂದ ನೋಡಿದರೆ ಕಾಣುವುದು ಕಣ್ಣು ಮಾತ್ರ. ಅದು ನಿಜವಾಗಿ ತಲೆಯೇ, ಒಳಗೆ ಮಿದುಳು ಇದೆಯೇ ಎಂದು ಸಾಕ್ಷಿ ಹೇಳಿದ್ದು ಬಣ್ಣ. ನರಗಳಲ್ಲಿ ಮಾತ್ರ ನಕಲಾಗುವ ಜೀನಿಗೆ ಪ್ರೋಬ್ ಹಾಕಿದಾಗ ಎರಡು ತುದಿಯಲ್ಲೂ ಕುದುರೆ ಲಾಳದ ಆಕಾರದ ಮಿದುಳು ನೀಲಿಯಾಗಿ ಕಂಡಿತು. ಕಾರಣವೂ ಬಣ್ಣದಲ್ಲೇ ಸಿಕ್ಕಿತು. ವಿಂಟ್ ಎಂಬ ಜೀನುಗಳ ಮನೆತನವಿದೆ, ಅವು ಬಾಲ ಕಟ್ಟು ಎನ್ನುವ ಮೇಸ್ತ್ರಿಗಳು. ಬೀಟಾ-ಕೆಟೆನಿನ್ ಅವರ ಕೈಯಾಳು. ಗಾಯವಾದ ಕೆಲವು ಗಂಟೆಯಲ್ಲಿ ವಿಂಟ್-1 ಎರಡೂ ಮಗ್ಗುಲ ಗಾಯದಲ್ಲಿ ಏಳುತ್ತದೆ. ಹಾಗಾದರೆ ಎರಡೂ ಕಡೆ ಬಾಲ ಬರಬೇಕಿತ್ತಲ್ಲ? 2011ರಲ್ಲಿ ಪೀಟರ್ಸನ್ ಮತ್ತು ರೆಡ್ಡಿಯನ್ ಇನ್ನೊಂದು ಜೀನನ್ನು ಕಂಡರು, ಹೆಸರು ನೋಟಮ್. ಅದು ವಿಂಟ್‌ನ ಬಾಯಿ ಮುಚ್ಚಿಸುವಂಥದ್ದು, ಮುಂದಕ್ಕೆ ಮುಖ ಮಾಡಿದ ಗಾಯದಲ್ಲಿ ಮಾತ್ರ ಏಳುತ್ತದೆ. ಅಲ್ಲಿ ತಲೆ. ಅದು ಏಳದ ಕಡೆ ಬಾಲ. ಮಾರ್ಗನ್ ಬಿಟ್ಟುಹೋದ ಗಂಟಿನ ಒಂದು ಎಳೆ ಹೀಗೆ ಬಿಚ್ಚಿತು. ಆದರೆ ಗಾಯಕ್ಕೆ ತಾನು ಯಾವ ಕಡೆ ಮುಖ ಮಾಡಿದ್ದೇನೆ ಎಂದು ಮೊದಲು ತಿಳಿಯುವುದು ಹೇಗೆ ಎಂಬ ಎಳೆಯನ್ನು ಇನ್ನೂ ಎಳೆಯುತ್ತಲೇ ಇದ್ದಾರೆ.

ಈ ಕೆಲಸ ನಮಗೆ ದೂರದ್ದಲ್ಲ. ಹೊಸೂರಿನಿಂದ ಬೆಂಗಳೂರು 40 ಕಿಲೋಮೀಟರ್. ಅಲ್ಲಿ ಬಳ್ಳಾರಿ ರಸ್ತೆಯಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣವನ್ನು ನಮ್ಮ ರೈತರು ಕೃಷಿಮೇಳಕ್ಕೆ ಹೋಗಿ ನೋಡಿರುತ್ತಾರೆ. ಅದೇ ಆವರಣದಲ್ಲಿ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಕೇಂದ್ರವೂ, ಅದರ ಪಕ್ಕದಲ್ಲೇ ಕಾಂಡಕೋಶಗಳ ಬಗ್ಗೆ ಕೆಲಸ ಮಾಡುವ ಇನ್‌ಸ್ಟೆಮ್ ಎಂಬ ಸಂಸ್ಥೆಯೂ ಇವೆ. ಇನ್‌ಸ್ಟೆಮ್‌ನಲ್ಲಿ ದಾಶರಥಿ ಪಾಲಕೋಡೇಟಿ ಅವರ ಗುಂಪು ಬಾರ್ಸಿಲೋನಾ ಕಡೆಯ ಅದೇ ಜಾತಿಯ ಹುಳುವನ್ನು ಸಾಕಿ ಕೆಲಸ ಮಾಡುತ್ತಿದೆ. ದೊಡ್ಡ ನಕಲುಗಳ ಜೊತೆಗೆ ಕೋಶದಲ್ಲಿ ಬಹಳ ಸಣ್ಣ ಆರ್‌ಎನ್‌ಎ ಚೂರುಗಳೂ ಇವೆ, ಇಪ್ಪತ್ತೆರಡು ಅಕ್ಷರದಷ್ಟು. ಇವು ಏನನ್ನೂ ಕಟ್ಟುವುದಿಲ್ಲ. ಯಾವ ನಕಲು ಎಷ್ಟು ಹೊತ್ತು ಮಾತಾಡಬೇಕು ಎಂದು ತಡೆಯುವ ಕೆಲಸ ಇವುಗಳದ್ದು. ಮಿರ್-124 ಎಂಬ ಚೂರುಗಳ ಗುಂಪನ್ನು ಕುಗ್ಗಿಸಿದರೆ ಹೊಸದಾಗಿ ಬೆಳೆಯುವ ಮಿದುಳೂ ಕಣ್ಣಿನ ನರಗಳೂ ಸರಿಯಾಗಿ ಕೂಡುವುದಿಲ್ಲ ಎಂದು 2017ರಲ್ಲಿ ಈ ಗುಂಪು ತೋರಿಸಿತು. ಅದೇ ವರ್ಷ ಹುಳುವಿನ ಹೊರಚರ್ಮ ಸವೆದಂತೆಲ್ಲಾ ಹೊಸದಾಗುತ್ತಿರಲು ಬೇಕಾದ ಒಂದು ಪ್ರೋಟೀನಿನ ಬಗ್ಗೆಯೂ ಬರೆಯಿತು. ಎರಡರಲ್ಲೂ ನೋಡಿ ಹೇಳುವ ಕೆಲಸದ ದೊಡ್ಡ ಪಾಲು ಬಣ್ಣದ್ದೇ.

ಇದರಿಂದ ನಮಗೇನು ಅಂತ ಕೇಳುವವರು ಇದ್ದೇ ಇರುತ್ತಾರೆ, ಕೇಳಬೇಕಾದದ್ದೇ. ಕುರಿಗಳ ವಿಷಯ ಮೊದಲು ಹೇಳುತ್ತೇನೆ. ಲಿವರಿನ ಚಪ್ಪಟೆ ಹುಳು ಬಂದ ಕುರಿಯ ಗದ್ದದಡಿ ನೀರು ತುಂಬಿ ಊದುತ್ತದೆ, ಮೇವು ಬಿಡುತ್ತದೆ, ಒಣಗಿ ಸಾಯುತ್ತದೆ. ಆ ಹುಳುವಿನ ಮರಿ ಕೆರೆಯ ಬಸವನಹುಳುವಿನ ಹೊಟ್ಟೆಯಲ್ಲಿ ಬೆಳೆದು, ನೀರಂಚಿನ ಹುಲ್ಲಿಗೆ ಅಂಟಿಕೊಂಡು ಕುರಿಯ ಹೊಟ್ಟೆ ಸೇರುತ್ತದೆ. ಮನುಷ್ಯರ ರಕ್ತನಾಳದಲ್ಲೇ ವಾಸ ಮಾಡುವ ಇದರ ನೆಂಟ ಸಿಸ್ಟೋಸೋಮಾ. ಆಫ್ರಿಕಾದಲ್ಲಿ ಕೋಟ್ಯಂತರ ಜನಕ್ಕೆ ಅದು ಪಿಡುಗು. ನಮ್ಮ ದೇಶದಲ್ಲಿ ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ 1952ರಲ್ಲಿ ಕಂಡದ್ದು ವರದಿಯಾಯಿತು. ಈ ಹುಳು ಮನುಷ್ಯನ ಮೈಯಲ್ಲಿ ವರ್ಷಾನುಗಟ್ಟಲೆ, ಕೆಲವೊಮ್ಮೆ ದಶಕಗಟ್ಟಲೆ ಹೇಗೆ ಬದುಕುತ್ತದೆ ಎಂಬುದು ಬಿಡಿಸಲಾಗದ ಒಗಟಾಗಿತ್ತು. ಕೆರೆಯ ಪಾಪದ ಹುಳುವಿನಲ್ಲಿ ಕಲಿತ ವಿದ್ಯೆಯನ್ನು ತಗೊಂಡು ನ್ಯೂಮಾರ್ಕ್ ಗುಂಪು 2013ರಲ್ಲಿ ಇದರ ಮೈಯಲ್ಲೂ ನಿಯೋಬ್ಲಾಸ್ಟಿನಂಥ ಕೋಶಗಳಿವೆ ಎಂದು ತೋರಿಸಿತು. ಹುಳು ಒಳಗಿನಿಂದ ತನ್ನನ್ನು ತಾನೇ ಹೊಸದು ಮಾಡಿಕೊಳ್ಳುತ್ತಿದೆ. ಆ ಕೋಶಗಳನ್ನು ನಿಲ್ಲಿಸುವ ಔಷಧಿ ಸಿಕ್ಕರೆ ಹುಳು ತಾನಾಗಿ ಸವೆದುಹೋಗಬೇಕು. ಅಂಥ ಔಷಧಿ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ನಮ್ಮ ಕುರಿಗಳಿಗೆ ಪಶುವೈದ್ಯರು ಹೇಳಿದ ಹೊತ್ತಿಗೆ ಜಂತುಹುಳದ ಔಷಧಿ ಕುಡಿಸುವುದೇ ಸರಿ.

ಎರಡನೆಯದು ಇನ್ನೂ ಹತ್ತಿರದ್ದು. ಕಬ್ಬಿನ ಗಾಣಕ್ಕೆ ಕೈ ಕೊಟ್ಟವರು, ಪವರ್‌ಲೂಮಿನಲ್ಲಿ ಬೆರಳು ಕಳಕೊಂಡವರು, ಬೈಕಿನಿಂದ ಬಿದ್ದು ಬೆನ್ನುಹುರಿ ಮುರಿದು ಮಲಗಿದವರು ನಮ್ಮ ಸುತ್ತ ಇದ್ದಾರೆ. ಸ್ಟೆಮ್ ಸೆಲ್ ಚಿಕಿತ್ಸೆ ಕೊಟ್ಟು ಎದ್ದು ನಡೆಸುತ್ತೇವೆ ಎಂಬ ಜಾಹೀರಾತು ಫೋನಿಗೇ ಬರುತ್ತದೆ, ಲಕ್ಷಗಟ್ಟಲೆ ಕೇಳುತ್ತಾರೆ, ಜಮೀನು ಅಡವಿಟ್ಟು ಕೊಡುವವರೂ ಇದ್ದಾರೆ. ಐಸಿಎಂಆರ್ 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ: ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥವನ್ನು ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಚಿಕಿತ್ಸೆಗಳು ಒಪ್ಪಿತ ಚಿಕಿತ್ಸೆ ಅಲ್ಲ, ಅವು ಅನುಮತಿ ಪಡೆದ ಪ್ರಯೋಗದ ಒಳಗೆ ಮಾತ್ರ ನಡೆಯಬೇಕು. ಪ್ರಯೋಗಕ್ಕೆ ಒಳಗಾಗುವವರ ಹತ್ತಿರ ಚಿಕಿತ್ಸೆಯ ಹಣ ಕೇಳುವ ಹಾಗೂ ಇಲ್ಲ. ಹುಳುವಿನ ಚರಿತ್ರೆಯೂ ಅದನ್ನೇ ಹೇಳುತ್ತದೆ. ಹುಳುವಿನಲ್ಲೇ ಕಾಂಡಕೋಶ ಇದ್ದರೆ ಸಾಲದು, ಅದಕ್ಕೆ ಎಲ್ಲಿ ಏನು ಕಟ್ಟಬೇಕು ಎನ್ನುವ ಮೇಸ್ತ್ರಿ ಬೇಕು. ಸೂಜಿಯಲ್ಲಿ ಕೋಶ ಚುಚ್ಚುವವರ ಕೈಯಲ್ಲಿ ಮೇಸ್ತ್ರಿ ಇಲ್ಲ.

ಹಾಗೆಂದು ಆಸೆಯೇ ಇಲ್ಲ ಎಂದಲ್ಲ. ಯೂರೋಪಿನಲ್ಲಿ ಡೆಂಡ್ರೋಸೀಲಮ್ ಎಂಬ ಬಿಳಿ ಚಪ್ಪಟೆ ಹುಳುವಿದೆ. ಇದೇ ಕುಲವಾದರೂ ಬಾಲದ ತುಂಡಿಗೆ ತಲೆ ಬರುವುದಿಲ್ಲ, ತಲೆಯಿಲ್ಲದೆ ಸಾಯುತ್ತದೆ. 2013ರಲ್ಲಿ ಜರ್ಮನಿ, ಅಮೆರಿಕ, ಜಪಾನಿನ ಮೂರು ಗುಂಪುಗಳು ಇಂಥ ಬಡ ಹುಳುಗಳ ಮೂರು ಜಾತಿಗಳಲ್ಲಿ ಬಾಲದ ಮೇಸ್ತ್ರಿಯ ಕೈಯಾಳು ಬೀಟಾ-ಕೆಟೆನಿನ್ನನ್ನು ಮುಚ್ಚಿದವು. ಲಕ್ಷಾಂತರ ವರ್ಷಗಳಿಂದ ತಲೆ ಬೆಳೆಸಲಾಗದ ತುಂಡಿಗೆ ತಲೆ ಬಂತು, ಕಣ್ಣು ಬಿಟ್ಟಿತು. ಶಕ್ತಿ ಕಳೆದುಹೋಗಿರಲಿಲ್ಲ, ಅದನ್ನು ಒತ್ತಿ ಹಿಡಿದಿದ್ದ ಕೈ ಒಂದಿತ್ತು ಅಷ್ಟೆ. ಮನುಷ್ಯನಲ್ಲಿ ಅಂಥ ಕೈ ಎಲ್ಲಿದೆ, ಇದೆಯೋ ಇಲ್ಲವೋ, ಅದು ಬೇರೆಯೇ ದೂರದ ದಾರಿ.

2018ರ ಹೊತ್ತಿಗೆ ಯಂತ್ರಗಳು ಬಂದವು. ಹುಳುವನ್ನು ಬಿಡಿ ಕೋಶಗಳಾಗಿ ಬಿಡಿಸಿ, ಹತ್ತಾರು ಸಾವಿರ ಕೋಶಗಳಲ್ಲಿ ಒಂದೊಂದರ ನಕಲುಗಳನ್ನೆಲ್ಲಾ ಬೇರೆಬೇರೆಯಾಗಿ ಓದಿ ಪಟ್ಟಿ ಮಾಡಿ ಕೊಡುತ್ತವೆ. ಇನ್ನು ಬಣ್ಣದ ಬಟ್ಟಲು ಮೂಲೆಗೆ ಎಂದುಕೊಂಡವರೂ ಇದ್ದರು. ಆದರೆ ಪಟ್ಟಿಯಲ್ಲಿ ಹೊಸ ಬಗೆಯ ಕೋಶವೊಂದು ಕಂಡರೆ, ಅದು ಮೈಯಲ್ಲಿ ಎಲ್ಲಿ ಕೂತಿದೆ ಎಂದು ಯಂತ್ರ ಹೇಳಲಾರದು. ಬಿಡಿಸುವಾಗಲೇ ಜಾಗ ಕಳೆದುಹೋಗಿರುತ್ತದೆ. ಆಗ ಮತ್ತೆ ಲೋಳೆ ತೆಗೆದು, ಫಾರ್ಮಾಲಿನ್ನಿನಲ್ಲಿ ಅದ್ದಿ, ಬಿಳಿ ಮಾಡಿ, ಪ್ರೋಬ್ ಬಿಟ್ಟು ರಾತ್ರಿಯೆಲ್ಲಾ 56 ಡಿಗ್ರಿಯಲ್ಲಿಟ್ಟು, ಬೆಳಿಗ್ಗೆ ಎದ್ದು ತೊಳೆಯಲು ಕೂರುತ್ತಾರೆ.